ಕಣ್ಣಿಗೆ ಉಪ್ಪುನೀರು ಬಿಟ್ಟ ಆರು ವಾರ

ಬಲಗಣ್ಣಿನ ಪೊರೆ ತೆಗೆಸಿದ್ದು ಜೂನ್ ಕೊನೆಗೆ, ಮಂಗಳೂರಿನಲ್ಲಿ. ಬದಿಯಡ್ಕದ ನಮ್ಮಂಥವರಿಗೆ ವೋಟು ಕೇರಳದಲ್ಲಾದರೂ ದೊಡ್ಡ ಆಸ್ಪತ್ರೆ ಅಂದ್ರೆ ಮಂಗಳೂರೇ. ಮರುದಿನ ಪಟ್ಟಿ ಬಿಚ್ಚಿದಾಗ ಎಲ್ಲರ ಹಾಗೆ ‘ಅಬ್ಬಾ, ಎಷ್ಟು ಬೆಳಕು’ ಅನ್ನೋಣ ಅಂತ ಕಾದಿದ್ದೆ. ಕಂಡದ್ದು ಹಬೆ ಹಿಡಿದ ಬಚ್ಚಲುಮನೆಯ ಕನ್ನಡಿ. ಬಲ್ಬಿನ ಸುತ್ತ ಬಣ್ಣದ ಬಳೆ ಬೇರೆ.

ತಪ್ಪು ನನ್ನದೂ ಇತ್ತು. ಅಡಿಕೆ ಕೊಯ್ಲು ಮುಗಿಯಲಿ, ಮದುವೆ ಮುಗಿಯಲಿ ಅಂತ ಎರಡು ವರ್ಷ ತಳ್ಳಿದ್ದೆ. ಪೊರೆ ಕಲ್ಲಾಗಿತ್ತು. ಅದನ್ನು ಒಡೆಯಲು ಅಲ್ಟ್ರಾಸೌಂಡ್ ಜಾಸ್ತಿ ಕೊಡಬೇಕಾಯಿತು, ಕಾರ್ನಿಯಾ ಊದಿದೆ ಅಂದರು ಡಾಕ್ಟರು. ಕಾರ್ನಿಯಾ ಅಂದ್ರೆ ಕಣ್ಣಿನ ಮುಂದಿನ ಗಾಜು. ಅದರ ಒಳಮೈಯಲ್ಲಿ ಒಂದೇ ಪದರ ಜೀವಕೋಶಗಳಿವೆ. ಒಳಗೆ ನುಸುಳಿದ ನೀರನ್ನು ಹಗಲೂ ರಾತ್ರಿ ಹೊರಗೆ ಪಂಪ್ ಮಾಡುವುದು ಅವುಗಳ ಕೆಲಸ. ಪೆಟ್ಟು ಬಿದ್ದರೆ ಪಂಪ್ ನಿಧಾನವಾಗುತ್ತದೆ, ಗಾಜು ನೀರು ಕುಡಿದು ಮಂಜಾಗುತ್ತದೆ. ಸುಸ್ತಾದ ಕೋಶ ಚೇತರಿಸಿಕೊಳ್ಳುತ್ತದೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಉಳಿದವೇ ಅಗಲವಾಗಿ ಜಾಗ ತುಂಬಬೇಕು.

ಬರೆದುಕೊಟ್ಟದ್ದು ಉರಿಯೂತಕ್ಕೆ ಸ್ಟಿರಾಯ್ಡ್ ಡ್ರಾಪ್ಸ್, ಜೊತೆಗೆ ಶೇಕಡಾ 5ರ ಉಪ್ಪುನೀರಿನ ಡ್ರಾಪ್ಸ್. ಕಣ್ಣಿಗೆ ಉಪ್ಪೇ ಅಂತ ಮನೆಯವಳು ಹೌಹಾರಿದಳು. ಮಿಡಿಮಾವಿಗೆ ಉಪ್ಪು ಹಾಕಿಟ್ಟರೆ ನೀರು ಬಿಟ್ಟು ಸುಕ್ಕುತ್ತದಲ್ವಾ, ಅದೇ ಲೆಕ್ಕ. ಕಣ್ಣೀರಿನ ಉಪ್ಪು ಶೇಕಡಾ 1ಕ್ಕೂ ಕಡಿಮೆ. ಅದಕ್ಕಿಂತ ಗಟ್ಟಿ ಉಪ್ಪುನೀರು ಮೇಲೆ ಬಿದ್ದರೆ ಗಾಜಿನ ಮೇಲ್ಪದರದ ನೀರು ಹೊರಗೆ ಬರುತ್ತದೆ. ‘ಹಾಗಾದ್ರೆ ಮನೆಯಲ್ಲೇ ಕಲಸಿದರಾಯಿತು’ ಅಂದ ನೆರೆಯವನನ್ನು ಜಗಲಿಯಿಂದಲೇ ವಾಪಸ್ ಕಳಿಸಿದೆ. ಹೊಸ ಗಾಯವಿರುವ ಕಣ್ಣಿಗೆ ಬಾವಿನೀರಿನ ಪ್ರಯೋಗವೇ?

ಮೊದಲ ವಾರ ನಾನೇ ಹಾಳು ಮಾಡಿಕೊಂಡೆ. ಎರಡೂ ಬಾಟಲಿ ಒಂದರ ಹಿಂದೊಂದು ಹಿಂಡಿ ಮುಗಿಸುತ್ತಿದ್ದೆ. ಕಣ್ಣಲ್ಲಿ ನಿಲ್ಲುವುದು ಒಂದೇ ಹನಿ, ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಆಮೇಲೆ ಕ್ರಮ ಹಿಡಿದೆ. ಸ್ಟಿರಾಯ್ಡ್ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಬಿಳಿ ಪುಡಿ ಅಡಿಯಲ್ಲಿ ಕೂತಿರುತ್ತದೆ. ಕೆಳಗಿನ ರೆಪ್ಪೆ ಎಳೆದು ಒಂದು ಹನಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಎರಡು ನಿಮಿಷ ಒತ್ತಿ ಹಿಡಿಯುವುದು, ಇಲ್ಲದಿದ್ದರೆ ಔಷಧ ಗಂಟಲಿಗೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಉಪ್ಪಿನ ಹನಿ. ಉರಿ ಇದೆ, ಕುಂಬಳೆ ಕಡಪ್ಪುರದಲ್ಲಿ ತೆರೆ ಮುಖಕ್ಕೆ ಹೊಡೆದ ಹಾಗೆ. ಅರ್ಧ ನಿಮಿಷ, ಅಷ್ಟೇ.

ಬೆಳಿಗ್ಗೆಯೇ ಜಾಸ್ತಿ ಮಂಜು, ಮಧ್ಯಾಹ್ನಕ್ಕೆ ಸ್ವಲ್ಪ ತಿಳಿ. ಔಷಧ ತಾಗುತ್ತಿಲ್ಲ ಅಂತ ನಾನು ಹೆದರಿದ್ದು ಇದಕ್ಕೇ. ರಾತ್ರಿ ರೆಪ್ಪೆ ಮುಚ್ಚಿದಾಗ ಕಣ್ಣಿನ ನೀರು ಆರುವುದಿಲ್ಲ, ಊತ ಏರುತ್ತದೆ. ಹಾಗಾಗಿ ಎದ್ದ ಕೂಡಲೇ ಮೊದಲ ಹನಿ, ಹನ್ನೆರಡರ ಒಳಗೆ ಇನ್ನೆರಡು, ಸಂಜೆಗೆ ಒಂದು, ಮಲಗುವಾಗ ಅದೇ ಉಪ್ಪಿನ ಮುಲಾಮು. ಹೇರ್ ಡ್ರೈಯರನ್ನು ಕೈಯಳತೆ ದೂರದಲ್ಲಿ ಹಿಡಿದು ಗಾಳಿ ಬಿಡುವ ಉಪಾಯವನ್ನೂ ಡಾಕ್ಟರು ಹೇಳಿದ್ದರು. ಆಟಿಯ ಮಳೆಗೆ ಕರೆಂಟು ಇದ್ದರೆ ತಾನೇ!

ಆ ತಿಂಗಳು ತೋಟಕ್ಕೆ ಕೊಳೆರೋಗದ ಮದ್ದು ಬಿಡುವ ಹೊತ್ತು. ಮೈಲುತುತ್ತು, ಸುಣ್ಣದ ಹತ್ತಿರ ಸುಳಿಯಬೇಡಿ ಅಂದಿದ್ದರು. ಜಗಲಿಯಲ್ಲಿ ಕೂತು ಮಗ ಮದ್ದು ಕಲಸುವುದನ್ನು ಎಡಗಣ್ಣಲ್ಲೇ ನೋಡಿ ಬೈಯುತ್ತಿದ್ದೆ.

ಪರೀಕ್ಷೆಗೆ ಗೋಡೆಯ ಕ್ಯಾಲೆಂಡರ್ ಇತ್ತು. ದಿನಾ ಬೆಳಿಗ್ಗೆ ಏಳಕ್ಕೆ, ಅದೇ ಕುರ್ಚಿ, ಎಡಗಣ್ಣು ಮುಚ್ಚಿ. ಎರಡನೇ ವಾರ ತಾರೀಕಿನ ದೊಡ್ಡ ಅಂಕಿ ಕಂಡಿತು. ನಾಲ್ಕನೇ ವಾರ ತಿಂಗಳ ಹೆಸರು. ಏರಿಕೆ ನೇರ ಇರಲಿಲ್ಲ, ಒಂದು ದಿನ ಮುಂದೆ, ಎರಡು ದಿನ ಹಿಂದೆ. ನೋವು ಬಂದರೆ, ಕೆಂಪಾದರೆ, ದೃಷ್ಟಿ ಇಳಿಯುತ್ತಲೇ ಹೋದರೆ ಕಾಯದೆ ಬನ್ನಿ ಅಂದಿದ್ದರು. ಅದಾಗಲಿಲ್ಲ. ನಡುವೆ ಎರಡು ಸಲ ಕಣ್ಣಿನ ಒತ್ತಡ ನೋಡಿದರು, ಸ್ಟಿರಾಯ್ಡ್‌ನಿಂದ ಅದು ಏರುವುದುಂಟಂತೆ. ಆ ಡ್ರಾಪ್ಸನ್ನು ಒಮ್ಮೆಲೇ ನಿಲ್ಲಿಸದೆ ವಾರವಾರ ಒಂದೊಂದು ಹನಿ ಇಳಿಸಿದರು.

ಆರನೇ ವಾರ ತಿಥಿ-ನಕ್ಷತ್ರದ ಸಣ್ಣ ಅಕ್ಷರ ಓದಿದೆ. ಹಲ್ಲುಜ್ಜುವ ಮೊದಲೇ.

ಎಡಗಣ್ಣಲ್ಲೂ ಪೊರೆ ಇದೆ. ಈ ಸಲ ಮೊದಲು ಕಾರ್ನಿಯಾದ ಒಳಮೈಯ ಆ ಕೋಶಗಳನ್ನು ಎಣಿಸಿ ಆಮೇಲೆ ಕೈ ಹಾಕೋಣ ಅಂದಿದ್ದಾರೆ. ಕೊಯ್ಲಿನ ನೆಪ ಹೇಳಲು ಬಾಯಿ ತೆರೆದೆ. ಮನೆಯವಳು ಅಷ್ಟರಲ್ಲೇ ದಿನ ಗೊತ್ತು ಮಾಡಿಯಾಗಿತ್ತು.