ಕುರ್ಚಿ ಕಮ್ಮಿ ಇರಲಿಲ್ಲ, ಕಾಯೋದು ಜಾಸ್ತಿ ಇತ್ತು: ಕೀಮೋ ಡೇ ಕೇರ್‌ನಲ್ಲಿ ನನ್ನ ಅನುಭವ

"ಇನ್ನೂ ಆರು ಕುರ್ಚಿ ಹಾಕಿಸಿಕೊಡಿ" ಅಂತ ಎರಡು ವರ್ಷ ಅರ್ಜಿ ಹಾಕಿದವಳು ನಾನೇ. ಅವು ಸಿಗದೇ ಇದ್ದಿದ್ದೇ ಒಳ್ಳೇದಾಯ್ತು. ನಮ್ಮದು ಅಡ್ಮಿಟ್ ಮಾಡದೆ ಕೀಮೋ, ಅಂದರೆ ಕ್ಯಾನ್ಸರ್ ಔಷಧಿ, ಕೊಟ್ಟು ಅದೇ ದಿನ ಮನೆಗೆ ಕಳಿಸೋ ವಾರ್ಡ್. ಆಗ ಇದ್ದಿದ್ದು 12 ಕುರ್ಚಿ, 5 ನರ್ಸ್, ದಿನಕ್ಕೆ ಸುಮಾರು 30 ಜನ. ದಿನಾ ಸಂಜೆ ಓವರ್‌ಟೈಮ್.

ಒಂದು ದಿನ ಒಬ್ಬರನ್ನೇ ಹಿಡಿದು ನೋಟ್‌ಬುಕ್ಕಿನಲ್ಲಿ ಸಮಯ ಬರೆದೆ. ವಾರಕ್ಕೊಮ್ಮೆ ಕೊಡೋ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ, ಒಂದು ಗಂಟೆಯ ಡ್ರಿಪ್. 8.10ಕ್ಕೆ ರಕ್ತ ಕೊಟ್ಟರು. 10.20ಕ್ಕೆ ರಿಪೋರ್ಟ್. 11ಕ್ಕೆ ಡಾಕ್ಟರ್ ಸಹಿ. 12.30ಕ್ಕೆ ಫಾರ್ಮಸಿಯಿಂದ ಬ್ಯಾಗ್. ಅಲರ್ಜಿ ಆಗದಿರಲಿ ಅಂತ ಮೊದಲು ಕೊಡೋ ಔಷಧಿ (ಪ್ರೀಮೆಡ್) ಮುಗಿದು ಡ್ರಿಪ್ ಶುರುವಾಗಿದ್ದು 1.05ಕ್ಕೆ. ಆ ಅಮ್ಮ ಕೈಗೆ ಚುಚ್ಚಿದ್ದ ಡ್ರಿಪ್‌ನ ಕೊಳವೆ (ಕ್ಯಾನುಲಾ) ಮೇಲೆ ಬೆರಳಿಟ್ಟು, "ಕೂತು ಮೂರು ಗಂಟೆ ಆಯ್ತು ಸಿಸ್ಟರ್, ಈ ಪ್ಲಾಸ್ಟರ್ ಬಿಟ್ಟು ಇನ್ನೇನೂ ಬಂದಿಲ್ಲ" ಅಂದರು. ಒಂದು ಗಂಟೆಯ ಔಷಧಿಗೆ ಆರು ಗಂಟೆ! ಕುರ್ಚಿಯಲ್ಲಿ ಜನ ಇದ್ದರು, ಔಷಧಿ ಇರಲಿಲ್ಲ.

ಹಾಗಾದರೆ ಹಿಂದಿನ ಸಂಜೆಯೇ ಎಲ್ಲರ ಔಷಧಿಯನ್ನೂ ಬ್ಯಾಗಿಗೆ ಬೆರೆಸಿಡೋಣ ಅಂದೆ. ಫಾರ್ಮಸಿಯವರು ಬೇಡ ಅಂದರು, ನಾನು ಹಟ ಹಿಡಿದೆ. ಎರಡೇ ವಾರದಲ್ಲಿ ಒಂಬತ್ತೋ ಹತ್ತೋ ಬ್ಯಾಗ್ ಎಸೆದೆವು. ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ರಕ್ತಕಣಗಳ ಸಂಖ್ಯೆ (ಕೌಂಟ್ಸ್) ಬಿದ್ದಿತ್ತು. ಮತ್ತೊಬ್ಬರದು ಕಾರ್ಬೋಪ್ಲಾಟಿನ್ ಔಷಧಿ, ಕಿಡ್ನಿ ಸ್ಥಿತಿ ತೋರಿಸೋ ಕ್ರಿಯಾಟಿನಿನ್ ಏರಿ ಡೋಸೇ ಬದಲಾಯ್ತು. ಅಕೌಂಟ್ಸ್‌ನವರು ಕರೆಸಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ದುಡ್ಡು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಕ್ರಮ ತಿರುಗಿಸಿದೆ. ರಕ್ತ ಹಿಂದಿನ ದಿನವೇ. ದೂರದವರು ತಮ್ಮ ಮನೆ ಹತ್ತಿರದ ಲ್ಯಾಬ್‌ನಲ್ಲಿ ಕೊಟ್ಟು ರಿಪೋರ್ಟ್ ಫೋಟೋ ಕಳಿಸುತ್ತಾರೆ. ಮಧ್ಯಾಹ್ನ ಒಬ್ಬ ನರ್ಸ್ ಎಲ್ಲರಿಗೂ ಫೋನ್ ಮಾಡಿ ಜ್ವರ, ಭೇದಿ, ಬಾಯಿಹುಣ್ಣು, ಕೈಕಾಲು ಜೋಮು ಕೇಳುತ್ತಾರೆ. ಎರಡರಲ್ಲೂ ಪಾಸಾದವರ ಔಷಧಿ ಮಾತ್ರ ಮೊದಲೇ ಬೆರೆಸುತ್ತೇವೆ. ಅದೂ ಹೊತ್ತು ತಡೆಯೋ ಔಷಧಿ ಆದರೆ. ಜೆಮ್‌ಸೈಟಬಿನ್ ಬೆರೆಸಿ ಫ್ರಿಜ್ಜಿಗೆ ಇಡಬೇಡಿ, ಹರಳುಗಟ್ಟುತ್ತೆ. ನಮ್ಮಲ್ಲಿ ಹೊಸಬರೊಬ್ಬರು ಇಟ್ಟು ಎರಡು ಬ್ಯಾಗ್ ಹೋಯ್ತು. ಬೆರೆಸಿದ ಮೇಲೆ ಹೊತ್ತು ತಡೆಯದ ಅಜಾಸಿಟಿಡಿನ್ ಅಂತೂ ಜನ ಬಂದ ಮೇಲೇ.

ದುಡ್ಡು ನಿಜವಾಗಿ ಉಳಿದಿದ್ದು ವೈಲ್‌ನಲ್ಲಿ, ಅಂದರೆ ಔಷಧಿಯ ಪುಟ್ಟ ಬಾಟಲಿಯಲ್ಲಿ. ಬೋರ್ಟೆಜೊಮಿಬ್ ಅನ್ನೋ ಔಷಧಿಯ ವೈಲ್ 3.5 ಮಿಲಿಗ್ರಾಂ. ಒಬ್ಬರಿಗೆ ಬೇಕಾಗೋದು ಎರಡು, ಎರಡೂವರೆ. ಉಳಿದಿದ್ದು ಕಸಕ್ಕೆ. ಈಗ ಆ ಔಷಧಿಯವರನ್ನೆಲ್ಲ ಒಂದೇ ದಿನ, ಒಂದೇ ಹೊತ್ತಿಗೆ ಕರೆಸುತ್ತೇವೆ. ಮೂವರ ಡೋಸ್ 2.0, 2.2, 2.3 ಸೇರಿ 6.5. ಮೂರು ವೈಲ್ ಒಡೆಯೋ ಕಡೆ ಎರಡರಲ್ಲೇ ಮುಗಿಯುತ್ತೆ. ಮೊದಲು ನಕ್ಕಿದ್ದ ಹಿರಿಯ ಡಾಕ್ಟರ್ ತಿಂಗಳ ಲೆಕ್ಕ ನೋಡಿ ಕನ್ನಡಕ ತೆಗೆದು ಮತ್ತೊಂದು ಸಲ ಓದಿದರು.

ಸ್ತನ ಕ್ಯಾನ್ಸರ್‌ಗೆ ಕೊಡೋ ಟ್ರಾಸ್ಟುಜುಮಾಬ್ ಅನ್ನು ಡ್ರಿಪ್ ಬದಲು ಚುಚ್ಚುಮದ್ದಾಗಿ ಕೊಡೋದಕ್ಕೂ ಜಗಳ ಆಯ್ತು. ಡ್ರಿಪ್ ಆದರೆ ಮೊದಲ ಸಲ 90 ನಿಮಿಷ, ಆಮೇಲೆ 30. ತೊಡೆಗೆ ಚರ್ಮದಡಿ ಕೊಡೋ 600 ಮಿಲಿಗ್ರಾಂ ಎರಡರಿಂದ ಐದು ನಿಮಿಷದಲ್ಲಿ ಒಳಗೆ. ತೂಕದ ಲೆಕ್ಕವೂ ಬೇಡ. ಆದರೆ ಅಷ್ಟು ಹೊತ್ತೂ ನರ್ಸ್ ಸಿರಿಂಜ್ ಹಿಡಿದು ಕೂರಬೇಕು, ಮೊದಲ ಸಲ ಕೊಟ್ಟ ಮೇಲೂ ಕಣ್ಣಿಟ್ಟಿರಬೇಕು. ಡ್ರಿಪ್‌ನ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲೋ, ಬೇರೆ ಕಂಪನಿ ಮಾಡಿದ್ದು) ತುಂಬಾ ಅಗ್ಗಕ್ಕೆ ಸಿಗೋ ಕಡೆ ಈ ಲೆಕ್ಕ ಕೂಡೋದಿಲ್ಲ. ನಮ್ಮಲ್ಲಿ ಕೂಡಿತು.

ಕೊನೆಗೆ ಹೊಂದಿಸಿದ್ದು ಅಪಾಯಿಂಟ್‌ಮೆಂಟ್. ಕುರ್ಚಿ ಎಣಿಸೋದು ಬಿಟ್ಟು ನರ್ಸ್‌ಗಳ ಕೈ ಎಣಿಸಿದೆ. ಒಬ್ಬ ನರ್ಸ್ ಹದಿನೈದು ನಿಮಿಷಕ್ಕೆ ಒಬ್ಬರಿಗಿಂತ ಜಾಸ್ತಿ ಶುರು ಮಾಡಬಾರದು. ಉದ್ದದ ಡ್ರಿಪ್ ಬೆಳಿಗ್ಗೆ ಮೊದಲು. ನಡುವೆ ಚಿಕ್ಕವನ್ನು ಹೇಗೆ ಕೂರಿಸಿದೆ ಅನ್ನೋ ಚಾರ್ಟ್ ಇಲ್ಲಿ ಹಾಕಲ್ಲ. ಎಂಟು ತಿಂಗಳು ತಿದ್ದಿ ತಿದ್ದಿ ಮಾಡಿದ್ದು ಅದು.

ಇದರ ಮಧ್ಯೆ ಕೂದಲು ಉಳಿಸೋ ತಣ್ಣನೆ ಟೋಪಿಯನ್ನೂ ನೋಡಿದೆವು. ಡ್ರಿಪ್‌ಗೆ ಮೊದಲು ಅರ್ಧ ಗಂಟೆ, ಮುಗಿದ ಮೇಲೂ ಒಂದೂವರೆ ಗಂಟೆವರೆಗೆ ಕುರ್ಚಿ ಬಿಡಲ್ಲ. ಲೆಕ್ಕದ ಪ್ರಕಾರ ನಿಲ್ಲಿಸಬೇಕಿತ್ತು. ಕನ್ನಡಿ ಮುಂದೆ ಜಡೆ ಮುಟ್ಟಿ ನೋಡಿಕೊಳ್ಳುತ್ತಿದ್ದ ಹುಡುಗಿಯನ್ನು ಕಂಡ ಮೇಲೆ ಮನಸ್ಸು ಬರಲಿಲ್ಲ. ಟೋಪಿ ಹಾಕೋರಿಗೆ ಮೂಲೆಯ ಎರಡು ಕುರ್ಚಿ ಬೇರೆ ಇಟ್ಟೆ. ಇನ್ನೊಂದು, ಕೈಗೆ ಹತ್ತು ನಿಮಿಷ ಬಿಸಿ ಟವೆಲ್ ಸುತ್ತಿ. ನರ ಸಿಗದೆ ಎರಡನೇ ಸಲ ಚುಚ್ಚೋದು ಅರ್ಧಕ್ಕರ್ಧ ಕಮ್ಮಿಯಾಯ್ತು.

ಈಗ ಅದೇ ಕುರ್ಚಿ, ಅದೇ ಐದು ಜನ. ದಿನಕ್ಕೆ 38ರ ಹತ್ತಿರ. ಬಂದವರಿಗೆ ಹೆಚ್ಚೂಕಮ್ಮಿ ಒಂದು ಗಂಟೆಯೊಳಗೆ ಡ್ರಿಪ್ ಶುರು. ಪ್ಯಾಕ್ಲಿಟ್ಯಾಕ್ಸೆಲ್‌ನ ಆ ಅಮ್ಮ ಹೊಸ ಕ್ರಮದ ಮೊದಲ ದಿನ 8.30ಕ್ಕೆ ಬಂದರು, 10.30ಕ್ಕೆ ಮುಗೀತು. "ಇಷ್ಟೇನಾ ಸಿಸ್ಟರ್?" ಅಂತ ಎರಡು ಸಲ ಕೇಳಿದರು. ಮಧ್ಯಾಹ್ನಕ್ಕೆ ಅಂತ ತಂದಿದ್ದ ಊಟದ ಡಬ್ಬಿಯನ್ನು ಹಾಗೇ ವಾಪಸ್ ಎತ್ತಿಕೊಂಡು ಹೋದರು.