ಪುಸ್ತಕ ಹರಿಯುತ್ತಿದ್ದ ಹುಡುಗ, ಎಣಿಸಲು ಬರುವ ಗುರಿ

"ಶಾಂತವಾಗಿ ಕೂರುವುದು." "ಗಲಾಟೆ ಕಡಿಮೆ ಮಾಡುವುದು." ನಮ್ಮ ಐಇಪಿ (ವಿಶೇಷ ಅಗತ್ಯವುಳ್ಳ ಒಂದೊಂದು ಮಗುವಿಗೂ ಬರೆಯುವ ಕಲಿಕೆಯ ಯೋಜನೆ) ಫಾರಂಗಳಲ್ಲಿ ವರ್ತನೆಯ ಕಾಲಂ ತೆಗೆದು ನೋಡಿ, ಮುಕ್ಕಾಲು ಪಾಲು ಇಂಥವೇ ಇರುತ್ತವೆ. ಇದನ್ನು ಎಣಿಸುವುದು ಹೇಗೆ? ಮಾರ್ಚ್ ಬಂದಾಗ "ಪ್ರಗತಿ ಕಂಡಿದೆ" ಅಂತ ಬರೆದು ಸಹಿ ಹಾಕುತ್ತೇವೆ, ಅಷ್ಟೇ. ಒಂದು ಮಗುವಿಗೆ ಒಂದೇ ಗುರಿ, ಅದೂ ಅಂಕಿಯಲ್ಲಿ ಬರೆಯುತ್ತೇನೆ ಅಂತ ನಾನು ಮೀಟಿಂಗಿನಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. "ಇದೆಲ್ಲ ಬೆಂಗಳೂರಿನ ಥೆರಪಿ ಸೆಂಟರಿಗೆ ಸರಿ, ಅಲ್ಲಿ ಒಂದು ಮಗುವಿಗೆ ಒಬ್ಬರು ಇರ್ತಾರೆ. ಮೂವತ್ತು ಮಕ್ಕಳ ಕ್ಲಾಸಲ್ಲಿ ಯಾರು ಎಣಿಸ್ತಾರೆ?" ಅಂದರು. ಎಣಿಸಿದೆವು. ಫಲವೂ ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ಹಾಸನ ಕಡೆಯ ಒಂದು ಸರ್ಕಾರಿ ಶಾಲೆ. ಹುಡುಗ ಆಗ ಮೂರನೇ ಕ್ಲಾಸು. ಪುಸ್ತಕ ಹರಿಯುವುದು, ಸ್ಲೇಟು ಎಸೆಯುವುದು, ಅಡ್ಡ ಬಂದವರನ್ನು ಕಚ್ಚುವುದು. ಮಾತು ಎರಡು ಮೂರು ಪದ ಮಾತ್ರ. ನಾನು ಬೇಸಿಕ್-ಎಂಆರ್ ಭಾಗ ಬಿ ತುಂಬಿದೆ, ಅಂದರೆ ಮಗುವಿನ ತೊಂದರೆಯ ವರ್ತನೆಗಳನ್ನು ಅಳೆಯುವ ಪಟ್ಟಿ. 1992ರಲ್ಲಿ ಸಿಕಂದರಾಬಾದಿನ ಬೌದ್ಧಿಕ ವೈಕಲ್ಯದ ರಾಷ್ಟ್ರೀಯ ಸಂಸ್ಥೆ ಹೊರತಂದದ್ದು, 75 ಐಟಂ. ಹೊಸ ಟೂಲ್‌ಗಳು ಎಷ್ಟೇ ಬರಲಿ, ನನ್ನ ಕೈಗೆ ಇದೇ ಒಗ್ಗಿದೆ. ಆದರೆ ತೊಂದರೆ ಎಷ್ಟಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ, ಯಾಕಿದೆ ಅಂತ ಗೊತ್ತಾಗಬೇಕಾದರೆ ಹಿಂದಿನ ಬೆಂಚಿನಲ್ಲಿ ಕೂತು ಎಬಿಸಿ (ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಅನ್ನುವ ದಾಖಲೆ) ಬರೆಯಲೇಬೇಕು. ಹೆಚ್ಚು ಕಡಿಮೆ ಒಂದು ವಾರ ಕೂತೆ.

ಮೂರನೇ ದಿನಕ್ಕೇ ಕಾಣಿಸಿತು. ನಲಿ ಕಲಿ ಹಾಡು, ಆಟ, ಬಿಸಿಯೂಟ, ಯಾವುದರಲ್ಲೂ ತಕರಾರಿಲ್ಲ. ಬೋರ್ಡು ನೋಡಿ ಬರೆದುಕೊಳ್ಳಿ ಅಂದ ಕೂಡಲೇ ಶುರು. ಎರಡು ಅಕ್ಷರ ಬರೆಯುತ್ತಾನೆ, ಪೆನ್ಸಿಲ್ ಒತ್ತುತ್ತಾನೆ, ಹಾಳೆ ಮುದುಡುತ್ತಾನೆ, ಆಮೇಲೆ ಹರಿಯುತ್ತಾನೆ. ಮಿಸ್ ಏನು ಮಾಡುತ್ತಿದ್ದರು? ಹೊರಗೆ ನಿಲ್ಲಿಸುತ್ತಿದ್ದರು. ಅವನು ಜಗಲಿಯ ಮೇಲೆ ಕೂತು ಎಲ್ಲರ ಚಪ್ಪಲಿ ಸಾಲಾಗಿ ಜೋಡಿಸುತ್ತಾ ಹಾಯಾಗಿರುತ್ತಿದ್ದ. ಶಿಕ್ಷೆ ಅಂತ ಕೊಟ್ಟದ್ದೇ ಅವನಿಗೆ ಬೇಕಾಗಿತ್ತು. ದಿನಕ್ಕೆ ಒಂಬತ್ತು ಹತ್ತು ಸಲ ಇದೇ ನಡೆಯುತ್ತಿತ್ತು.

ಹಾಗಾದರೆ ಹರಿದರೆ ಸಿಗುವ ಬಿಡುವು, ಕೇಳಿದರೆ ಸಿಗಲಿ. ಇದು ನಾನು ಕಂಡುಹಿಡಿದದ್ದಲ್ಲ, ಮನಶ್ಶಾಸ್ತ್ರಜ್ಞರಾದ ಕಾರ್ ಮತ್ತು ಡುರಾಂಡ್ 1985ರಲ್ಲೇ ತೋರಿಸಿದ್ದಾರೆ. ಅದನ್ನು ನಮ್ಮ ಕ್ಲಾಸಿಗೆ ಅಳವಡಿಸಿದ್ದು ಮಾತ್ರ ನನ್ನ ಕೆಲಸ. ಗುರಿಯನ್ನು ಹೀಗೆ ಬರೆದೆ: "ಬೋರ್ಡು ನೋಡಿ ಬರೆಯುವ ಕೆಲಸ ಕೊಟ್ಟಾಗ, ಬೇಸರವಾದರೆ ಹಾಳೆ ಹರಿಯುವ ಬದಲು ಕೆಂಪು ಕಾರ್ಡ್ ಎತ್ತಿ ಬಿಡುವು ಕೇಳುತ್ತಾನೆ. 5 ಅವಕಾಶಗಳಲ್ಲಿ 4 ಸಲ, ಸತತ 3 ವಾರ." ಕಾರ್ಡ್ ಎತ್ತಿದ ತಕ್ಷಣ ಎರಡು ನಿಮಿಷ ಜಗಲಿ. ಹರಿದರೆ ಕೂಡಲೇ ಜಗಲಿ ಇಲ್ಲ, ಅದೇ ಸಾಲಿನ ಒಂದು ಅಕ್ಷರ ಕೈ ಹಿಡಿದು ಬರೆಸಿ, ಕಾರ್ಡ್ ಮುಟ್ಟಿಸಿ, ಆಮೇಲೆ ಬಿಡುವುದು. ಕಚ್ಚುವುದಕ್ಕೆ ಬೇರೆ ಗುರಿ ಯಾಕೆ ಬರೆದಿಲ್ಲ ಅಂತ ಕೇಳಿದರು. ಬೇಕಾಗಲಿಲ್ಲ. ಹರಿಯುವುದು ನಿಂತ ಮೇಲೆ ಕಚ್ಚುವುದೂ ನಿಂತಿತು.

ಎಣಿಕೆಯೇ ದೊಡ್ಡ ತಲೆನೋವು. ಮೊದಲು ಹನ್ನೆರಡು ಕಾಲಂನ ಶೀಟ್ ಕೊಟ್ಟೆವು. ಪಾಪ, ಮಿಸ್ ಎಷ್ಟು ಅಂತ ತುಂಬುತ್ತಾರೆ? ಶುಕ್ರವಾರ ಸಂಜೆ ಇಡೀ ವಾರದ್ದು ಒಂದೇ ಪೆನ್ನಿನಲ್ಲಿ ತುಂಬಿರುತ್ತಿತ್ತು. ಆಮೇಲೆ ಹುಣಸೆ ಬೀಜ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ. ಮಕ್ಕಳು ಅಳಗುಳಿ ಮಣೆ ಆಡಲು ಎತ್ತಿಕೊಂಡು ಹೋದರು. ಕೊನೆಗೆ ಕೈಗೆ ಹತ್ತಿದ್ದು ರಬ್ಬರ್ ಬ್ಯಾಂಡು. ಬೆಳಿಗ್ಗೆ ಮಿಸ್ಸಿನ ಎಡಗೈಯಲ್ಲಿ ಹತ್ತು. ಒಂದು ಸಲ ಹರಿದರೆ ಒಂದು ಬಲಗೈಗೆ. ಕಾರ್ಡ್ ಎತ್ತಿದರೆ ಬೋರ್ಡಿನ ಮೂಲೆಯಲ್ಲಿ ಸೀಮೆಸುಣ್ಣದ ಗೀಟು. ಪಾಠ ನಿಲ್ಲುವುದಿಲ್ಲ, ಮಗುವಿಗೆ ಗೊತ್ತೂ ಆಗುವುದಿಲ್ಲ. ಸಂಜೆ ಎರಡು ಅಂಕಿ ನನಗೆ ವಾಟ್ಸಾಪ್. ಪ್ಯಾಕೆಟ್ಟಿಗೆ ಹತ್ತು ರೂಪಾಯಿ.

ದುಡ್ಡಿನ ವಿಷಯ ಹೇಳಲೇಬೇಕು. ಬಹುಮಾನ ಅಂತ ಚಾಕೊಲೇಟು ಕೊಟ್ಟಾಗ ತಿಂಗಳಿಗೆ ನನ್ನ ಜೇಬಿನಿಂದ ಇನ್ನೂರರ ಹತ್ತಿರ ಹೋಯಿತು, ಉಳಿದ ಮಕ್ಕಳೂ ಕೈಚಾಚಿದರು. ಗೋಡೆಯ ಸ್ಟಾರ್ ಚಾರ್ಟ್ ಎರಡೇ ದಿನ ಬಾಳಿತು. ಆಮೇಲೆ ಖರ್ಚಿಲ್ಲದ್ದು ಹುಡುಕಿದೆ: ಪೀರಿಯಡ್ ಬೆಲ್ ಹೊಡೆಯುವುದು. ಅವನಿಗೆ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಬಿಡುವಿನ ಎರಡು ನಿಮಿಷ ಅಳೆಯಲು ಮರಳು ಗಡಿಯಾರ ನೂರೈವತ್ತು ನೂರೆಂಬತ್ತು ಕೊಟ್ಟು ತರಿಸಿದೆ, ವಾರದಲ್ಲೇ ಒಡೆಯಿತು. ಅಡುಗೆಮನೆ ಟೈಮರ್ ಸಾಕು. ಕಾರ್ಡ್ ಲ್ಯಾಮಿನೇಷನ್ ಒಂದಕ್ಕೆ ಇಪ್ಪತ್ತು, ಕಳೆದುಹೋಗುತ್ತದೆ, ನಾಲ್ಕೈದು ಮಾಡಿಸಿ ಇಟ್ಟುಕೊಳ್ಳಿ. ಎಲ್ಲ ಸೇರಿ ವರ್ಷಕ್ಕೆ ಏಳುನೂರು ದಾಟಿಲ್ಲ, ಚಾಕೊಲೇಟು ಬಿಟ್ಟು. ಅದೇ ಜಿಲ್ಲಾ ಕೇಂದ್ರದಲ್ಲಿ ಖಾಸಗಿ ಥೆರಪಿಗೆ ಅವನ ಅಮ್ಮ ಒಂದು ಸಲಕ್ಕೇ ಐನೂರು ಕೊಟ್ಟಿದ್ದರು. ಬಸ್ ಚಾರ್ಜು ಬೇರೆ, ಆವತ್ತಿನ ಕೂಲಿಯೂ ಹೋಯಿತು. ಎರಡು ತಿಂಗಳಿಗೆ ಬಿಟ್ಟರು. ಬಿಡದೆ ಏನು ಮಾಡುತ್ತಾರೆ?

ಎರಡನೇ ವಾರ ಹರಿಯುವುದು ಜಾಸ್ತಿಯಾಯಿತು. ಒಂದು ದಿನ ಹದಿನಾಲ್ಕು ಹದಿನೈದು ಮುಟ್ಟಿತು, ರಬ್ಬರ್ ಬ್ಯಾಂಡು ಸಾಲಲಿಲ್ಲ. "ನಿಮ್ಮ ಕಾರ್ಡು ಬಂದ ಮೇಲೇ ಹಾಳಾದ" ಅಂದರು ಒಬ್ಬರು. ಹರಿದ ಕೂಡಲೇ ಜಗಲಿ ಸಿಗದಾಗ ಮೊದಲು ಈ ಏರಿಕೆ ಬರುತ್ತದೆ, ಆಗ ಯಾರೂ ಬಿಡಬೇಡಿ ಅಂತ ಶುರುವಿನಲ್ಲೇ ಹೆಡ್ ಮಾಸ್ಟರಿಗೆ ಬರೆದು, ದಿನಾಂಕ ಹಾಕಿ, ಸಹಿ ಮಾಡಿಸಿ ಇಟ್ಟಿದ್ದೆ. ಆ ಕಾಗದ ತೆಗೆದು ತೋರಿಸಿದೆ. ಎಲ್ಲರೂ ಸುಮ್ಮನಾದರು. ಆ ಒಂದು ಕಾಗದ ಇಲ್ಲದಿದ್ದರೆ ಕೆಲಸ ಅಲ್ಲೇ ಮುಗಿದುಹೋಗುತ್ತಿತ್ತು. ನಾಲ್ಕನೇ ವಾರಕ್ಕೆ ಮೂರು ನಾಲ್ಕಕ್ಕೆ ಇಳಿಯಿತು. ದಸರಾ ರಜೆಯ ಹೊತ್ತಿಗೆ ದಿನಕ್ಕೆ ಒಂದು, ಕೆಲವು ದಿನ ಸೊನ್ನೆ. ರಜೆ ಮುಗಿಸಿ ಬಂದಾಗ ಮತ್ತೆ ಐದಾರು. ಒಂದು ವಾರ ಪಟ್ಟು ಹಿಡಿದ ಮೇಲೆ ಮೊದಲಿನಂತಾಯಿತು.

"ಅವನಿಗೆ ಮಾತ್ರ ಯಾಕೆ ಕಾರ್ಡ್?" ಅಂತ ಉಳಿದ ಮಕ್ಕಳು ಕೇಳೇ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಬರೆದರೆ ತಪ್ಪಾಗಿ ಮಾಡಿಬಿಡುತ್ತಾರೆ. ತರಬೇತಿಯಲ್ಲಿ ಸಿಕ್ಕಾಗ ಮಾಡಿಯೇ ತೋರಿಸುತ್ತೇನೆ.

ನಡುವೆ ಇನ್ನೊಂದಿಷ್ಟು ಪ್ರಯೋಗ. ಪಂಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ತಂದು ಬೆಂಚಿನ ಮುಂದಿನ ಎರಡು ಕಾಲಿಗೆ ಬಿಗಿದೆ, ಕಾಲಲ್ಲಿ ಒದೆಯುತ್ತಾ ಕೂರಲಿ ಅಂತ. ಇವನು ಹತ್ತು ನಿಮಿಷ ಕೂರುವವನು ಹದಿನೈದು ಕೂತ. ಬೇರೆ ಶಾಲೆಯ ಒಬ್ಬ ಹುಡುಗಿ ಅದನ್ನು ಬಿಚ್ಚಿ ಮನೆಗೆ ಒಯ್ದಳು, ಕೂರಲಿಲ್ಲ. ಅದೇ ಟ್ಯೂಬಿನ ಚೂರು ಪೆನ್ಸಿಲ್ಲಿಗೆ ಸುತ್ತಿದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಇನ್ನೊಂದು, ಬೋರ್ಡಿನ ಬದಲು ಅದೇ ಸಾಲನ್ನು ಚೀಟಿಯಲ್ಲಿ ಬರೆದು ಅವನ ಪುಸ್ತಕದ ಪಕ್ಕ ಇಟ್ಟೆವು. ತಲೆ ಎತ್ತಿ ಇಳಿಸಿ ಜಾಗ ಹುಡುಕುವ ಕಷ್ಟ ತಪ್ಪಿತು. ಕಾರ್ಡ್ ಕೇಳುವುದೇ ಅರ್ಧಕ್ಕೆ ಇಳಿಯಿತು. ವರ್ತನೆ ನೋಡುವಾಗ ಕೊಟ್ಟ ಕೆಲಸವನ್ನೂ ನೋಡಬೇಕು ಅನ್ನುವುದನ್ನು ನಾನು ಈಗ ಪ್ರತಿ ಪ್ಲಾನಿನ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಮನೆಯಲ್ಲಿ ಮಾತ್ರ ಅಜ್ಜಿ ಕಾರ್ಡ್ ಒಪ್ಪಲಿಲ್ಲ. ಅವರಿಗೆ ಕೈಸನ್ನೆ ಹೇಳಿಕೊಟ್ಟೆ, ಈಗ ಊಟ ಸಾಕು ಅನ್ನಲು ತಟ್ಟೆ ತಳ್ಳುವುದಿಲ್ಲ, ಅಂಗೈ ತೋರಿಸುತ್ತಾನೆ.

ಬಿಡುವನ್ನು ಹಾಗೇ ಕೊಡುತ್ತಾ ಇದ್ದರೆ ದಿನವೆಲ್ಲ ಜಗಲಿಯಲ್ಲೇ ಇರುತ್ತಾನೆ ಅಂತ ಹೆದರಿಸಿದವರಿದ್ದರು. ಜನವರಿಯಿಂದ ಕಾರ್ಡ್ ಎತ್ತಿದಾಗ "ಇನ್ನೊಂದು ಪದ ಬರೆದು ಹೋಗು" ಅನ್ನಲು ಶುರು ಮಾಡಿದೆವು, ಆಮೇಲೆ ಎರಡು ಪದ, ಆಮೇಲೆ ಒಂದು ಸಾಲು. ಮಾರ್ಚ್ ಹೊತ್ತಿಗೆ ನಾಲ್ಕು ಸಾಲು ಬರೆದು ಒಂದು ಸಲ ಹೊರಗೆ ಹೋಗಿ ಬರುತ್ತಿದ್ದ, ಟೈಮರ್ ಕೂಗಿದರೆ ತಾನೇ ಒಳಗೆ.

ಈಗ ನಾಲ್ಕನೇ ಕ್ಲಾಸು. ಹೊಸ ಮಿಸ್ಸಿಗೆ ಒಂದು ಪುಟದ ಕಾಗದ ಕೊಟ್ಟಿದ್ದೇನೆ, ಜೊತೆಗೆ ರಬ್ಬರ್ ಬ್ಯಾಂಡಿನ ಪ್ಯಾಕೆಟ್ಟು. ಮುಂದಿನ ಗುರಿ, ಕಾರ್ಡ್ ಇಲ್ಲದೆ ಬಾಯಿಬಿಟ್ಟು "ಮಿಸ್, ಸಾಕು" ಅನ್ನುವುದು, 5ರಲ್ಲಿ 3 ಸಲ. ಸದ್ಯಕ್ಕೆ ಒಂದೋ ಎರಡೋ ಬರುತ್ತಿದೆ. ಮೂವತ್ತು ಮಕ್ಕಳಲ್ಲಿ ಯಾರು ಎಣಿಸ್ತಾರೆ ಅಂದಿದ್ದವರು ಕಳೆದ ತಿಂಗಳು ನನ್ನ ಫಾರಂ ಕೇಳಿ ತೆಗೆದುಕೊಂಡು ಹೋದರು. ಅವರ ಹುಡುಗಿಯ ಎಬಿಸಿ ನಾನೇ ಹೋಗಿ ಕೂತು ಬರೆದುಕೊಡುತ್ತೇನೆ ಅಂದಿದ್ದೇನೆ.