ಮಳೆಗಾಲ, ಒಂಬತ್ತು ಜನ, ಮತ್ತೊಂದು ತೊಟ್ಟಿಲು

ನಮ್ಮ ಮನೆ ಸುರತ್ಕಲ್ ಹತ್ರ, ಅಜ್ಜಿಯನ್ನೂ ಸೇರಿಸಿ ಒಂಬತ್ತು ಜನ, ಬೆಳಿಗ್ಗೆ ಆರೂವರೆಗೆ ಮಿಕ್ಸಿ ಶುರುವಾದ್ರೆ ರಾತ್ರಿ ಗೇಟಿಗೆ ಬೀಗ ಬೀಳೋವರೆಗೆ ಗಲಾಟೆ ನಿಲ್ಲೋದೇ ಇಲ್ಲ. ಅಂಥಾ ಮನೆಗೆ ಹೋದ ವರ್ಷ ಜುಲೈಯಲ್ಲಿ ನನ್ನ ಎರಡನೇ ಮಗು ಬಂತು. ಮೊದಲ ಬಾಣಂತನ ತವರಲ್ಲಿ, ಎಲ್ಲ ಅಮ್ಮನೇ ಮಾಡಿದ್ರು, ಹಾಗಾಗಿ ನಾನು ಎಂತದೂ ಕಲಿತಿರಲಿಲ್ಲ. ಈ ಸಲ ಕಲಿತದ್ದು ಇಲ್ಲಿ ಉಂಟು.

ಮೊದಲು, ಏಳನೇ ತಿಂಗಳಲ್ಲೇ ಕೆಲಸ ಹಂಚಿಬಿಡಿ. "ನಾವೆಲ್ಲ ಇದ್ದೇವಲ್ಲ, ನೋಡ್ಕೊಳ್ತೇವೆ" ಅಂತ ಹೇಳ್ತಾರೆ, ಆದ್ರೆ ಹಾಗೆ ಹೇಳಿದ ಮನೆಯಲ್ಲಿ ಕೊನೆಗೆ ಎದ್ದು ಗಂಜಿ ಇಡೋದು ಬಾಣಂತಿಯೇ. ನಾವು ಫ್ರಿಜ್ ಮೇಲೆ ಒಂದು ಕಾಗದ ಅಂಟಿಸಿದೆವು: ಹಾಲು, ಮೀನು, ಗ್ಯಾಸ್ ಮಾವಂದು, ದೊಡ್ಡವಳನ್ನು ಶಾಲೆ ವ್ಯಾನಿಗೆ ಹತ್ತಿಸೋದು ಮೈದುನಂದು, ರಾತ್ರಿ ಹತ್ತರಿಂದ ಎರಡರವರೆಗೆ ಬಟ್ಟೆ ಬದಲಿಸಿ ತೇಗು ಬರಿಸೋದು ಗಂಡಂದು. ಅತ್ತೆಗೆ ಇದು ಮೊದಲು ಇಷ್ಟ ಆಗ್ಲಿಲ್ಲ, ಗಂಡಸರಿಗೆ ಎಂತಕ್ಕೆ ಅಂತ ಕೇಳಿದ್ರು, ಹದಿನೈದು ದಿನ ಆದ ಮೇಲೆ ಅವರೇ ಕಾಗದ ನೋಡಿ ಮೈದುನನನ್ನು ಎಬ್ಬಿಸ್ತಿದ್ರು.

ಆಮೇಲೆ ಬಟ್ಟೆ. ನಮ್ಮೂರಲ್ಲಿ ದೊಡ್ಡ ತಲೆನೋವು ಇದೇ ಮಾರಾಯ್ರೆ, ಜೂನ್‌ನಿಂದ ಆಗಸ್ಟ್‌ವರೆಗೆ ಯಾವುದೂ ಒಣಗೋದಿಲ್ಲ, ಮಗು ದಿನಕ್ಕೆ ಹತ್ತು ಸಲ ಒದ್ದೆ ಮಾಡ್ತದೆ. ಹಳೇ ಹತ್ತಿ ಸೀರೆ, ಮುಂಡು ಹರಿದು ಕಡಿಮೆ ಅಂದ್ರೆ ಮೂವತ್ತು ತುಂಡು ಮಾಡಿ ತೊಳೆದು ಇಡಿ. ನಾನು ಬಚ್ಚಲ ಹಂಡೆ ಮೇಲೆ ಹಗ್ಗ ಕಟ್ಟಿದೆ, ಬೇಗ ಒಣಗ್ತದೆ ನಿಜ, ಆದ್ರೆ ಹೊಗೆ ವಾಸನೆ ಹಿಡೀತದೆ, ಅದನ್ನು ಮಗುವಿಗೆ ಸುತ್ತಲಿಕ್ಕೆ ಆಗೋದಿಲ್ಲ. ಕೊನೆಗೆ ಫ್ಯಾನ್ ಕೆಳಗೆ ನೈಲಾನ್ ಹಗ್ಗ, ಮತ್ತೆ ಕೊನೇ ತೇವಕ್ಕೆ ಇಸ್ತ್ರಿ. ರಾತ್ರಿಗೆ ಡೈಪರ್, ಅದಕ್ಕೆ ನಾಚಿಕೆ ಪಡ್ಬೇಡಿ. ಮಲಗಿಸೋದು ಬೆನ್ನ ಮೇಲೆ, ಸಾಸಿವೆ ದಿಂಬು ಗಿಂಬು ಏನೂ ಬೇಡ, ಸೊಳ್ಳೆಪರದೆ ಮಾತ್ರ ಬಿಡ್ಬೇಡಿ.

ನೆಂಟರ ವಿಷಯ. ಮೂರನೇ ದಿನವೇ ಹದಿನೇಳು ಜನ ಬಂದಿದ್ರು, ಒಬ್ಬರಿಗೆ ಶೀತ, ಅವರೇ ಮಗುವಿನ ಕೆನ್ನೆ ಹಿಂಡಿದ್ದು. ಬರ್ಬೇಡಿ ಅಂತ ಹೇಳಿದ್ರೆ ಬೇಜಾರು, ಹೇಳದಿದ್ರೆ ನಮ್ಮ ಕಷ್ಟ. ಆಗ ಅಜ್ಜಿ ಒಂದು ಉಪಾಯ ಹೇಳಿದ್ರು, "ಅಮೆ ಉಂಟಲ್ಲ, ಅದನ್ನೇ ಹೇಳಿ". ಅಮೆ ಅಂದ್ರೆ ಹೆರಿಗೆಯ ಸೂತಕ, ಅದು ಕಳೆಯದೆ ದೇವಸ್ಥಾನಕ್ಕೆ ಹೋಗೋದಿಲ್ಲ ಅಂತ ಇರೋದ್ರಿಂದ ಅದಕ್ಕೆ ಯಾರೂ ಎದುರು ಮಾತಾಡೋದಿಲ್ಲ. ಅದು ಕಳೆದ ಮೇಲೆ ಬಂದವರು ಕೈ ತೊಳೆದು ದೂರದಿಂದ ನೋಡ್ಲಿ, ಫೋಟೋ ವಾಟ್ಸಾಪ್‌ಗೆ ಹಾಕಿದ್ರೂ ಅರ್ಧ ಜನ ಕಡಿಮೆ.

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡ್ಬೇಕು, ಮೊದಲಿನ ಹಳದಿ ಗಿಣ್ಣು ಹಾಲನ್ನು ಚೆಲ್ಲಬಾರದು, ಆರು ತಿಂಗಳು ಅದು ಬಿಟ್ಟು ನೀರೂ ಬೇಡ. ಇಲ್ಲಿ ಜಗಳ ಆಗೋದು ಜೇನಿನದ್ದು. ನಾಲಿಗೆಗೆ ಜೇನು ಮುಟ್ಟಿಸೋದು ಹಳೇ ಕ್ರಮ, ಆದ್ರೆ ಒಂದು ವರ್ಷದೊಳಗಿನ ಮಗುವಿಗೆ ಜೇನಿನಲ್ಲಿರೋ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ವಿಷ ಮಾಡಬಹುದು. ನಾನು ವಾದ ಮಾಡ್ಲಿಲ್ಲ, ಮಕ್ಕಳ ಡಾಕ್ಟರ ಹತ್ರವೇ ಅತ್ತೆಯನ್ನು ಕರ್ಕೊಂಡು ಹೋದೆ. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಯಾವುದೂ ಬೇಡ, ಒಣಗಿಸಿ ಬಿಟ್ಟರೆ ಸಾಕು, ಕಣ್ಣಿಗೆ ಕಾಡಿಗೆಯೂ ಬೇಡ. ಅಜ್ಜಿಗೆ ಬೇಜಾರಾಗ್ಬಾರ್ದು ಅಂತ ಪಾದಕ್ಕೊಂದು ಬೊಟ್ಟು ಇಡ್ಲಿಕ್ಕೆ ಬಿಟ್ಟೆವು. ತೆಂಗಿನೆಣ್ಣೆ ಮೆತ್ತಗೆ ಹಚ್ಚಿ ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ, ಅದಕ್ಕೆ ಯಾರ ತಕರಾರೂ ಇಲ್ಲ, ಸಾಂಬ್ರಾಣಿ ಹೊಗೆ ಮಾತ್ರ ಕೋಣೆಯೊಳಗೆ ಬೇಡ. ಮೊದಲ ದಿನವೇ ಮೈ ಹಳದಿ ಆದ್ರೆ, ಅಂಗೈ ಅಂಗಾಲಿಗೆ ಹಳದಿ ಇಳಿದ್ರೆ, ಹಾಲು ಎಳೀದಿದ್ರೆ, ಜ್ವರ ಬಂದ್ರೆ, ಬಿಸಿಲಿಗೆ ಹಿಡಿದು ಕೂರ್ಬೇಡಿ, ಸೀದಾ ಆಸ್ಪತ್ರೆಗೆ. ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್-ಬಿ ಹುಟ್ಟಿದ ಕೂಡಲೇ ಆಗ್ತದೆ, ಮುಂದಿನದ್ದು 6, 10, 14ನೇ ವಾರ. ತಾಯಿ ಕಾರ್ಡ್ ಕಳ್ಕೊಳ್ಬೇಡಿ, ಮಧ್ಯೆ ಆಶಾ ಅಕ್ಕ ಬಂದ್ರೆ ಅನುಮಾನ ಎಲ್ಲ ಕೇಳಿಬಿಡಿ.

ದೊಡ್ಡವಳಿಗೆ ಆಗ ನಾಲ್ಕು ವರ್ಷ. ಎಲ್ಲರೂ ಅವಳಿಗೆ "ನೀನು ಅಕ್ಕ ಅಲ್ವಾ, ಗಲಾಟೆ ಮಾಡ್ಬೇಡ" ಅಂತ ಹೇಳಿ ಹೇಳಿ ಅವಳು ಒಂದು ದಿನ ತೊಟ್ಟಿಲು ತಿರುಗಿಸಿ ಇಟ್ಟಿದ್ದಳು, ಪುಣ್ಯಕ್ಕೆ ಖಾಲಿ ಇತ್ತು. ಬಟ್ಟೆ ತಂದುಕೊಡೋ ಕೆಲಸ ಕೊಟ್ಟೆವು, ಮತ್ತೆ ಮಗು ಮಲಗಿದಾಗ ಅರ್ಧ ಗಂಟೆ ಬಾಗಿಲು ಹಾಕಿ ನಾನು ಅವಳೊಟ್ಟಿಗೇ. ಆ ಅರ್ಧ ಗಂಟೆ ಕೆಲಸ ಮಾಡಿದ್ದು ಮಾತ್ರ ನಿಜ.

ಕೊನೆಗೆ ಜನನ ಪ್ರಮಾಣಪತ್ರ. 21 ದಿನದೊಳಗೆ ನೋಂದಣಿ ಆದ್ರೆ ಶುಲ್ಕ ಇಲ್ಲ, ಆಸ್ಪತ್ರೆಯಲ್ಲಿ ಹೆರಿಗೆ ಆದ್ರೆ ಅಲ್ಲಿಂದಲೇ ಮಾಹಿತಿ ಹೋಗ್ತದೆ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಆ ಫಾರ್ಮ್ ನೋಡದೆ ಸಹಿ ಹಾಕ್ಬೇಡಿ, ಅಪ್ಪ ಅಮ್ಮನ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಉಂಟಾ ಅಂತ ಒಂದೊಂದು ಅಕ್ಷರ ಓದಿ, ನಮ್ಮದರಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಿ ಗಂಡ ಎರಡು ರಜೆ ಹಾಕಿದ್ರು. ಮಗುವಿನ ಹೆಸರು ಆಗ ನಿಶ್ಚಯ ಆಗದಿದ್ರೂ ತೊಂದ್ರೆ ಇಲ್ಲ, ಒಂದು ವರ್ಷದೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು. ಒಂಬತ್ತು ಜನರ ಮನೆಯಲ್ಲಿ ಅಷ್ಟು ಟೈಮ್ ಬೇಕೇ ಬೇಕು, ನಮ್ಮಲ್ಲಿ ಮೂರು ತಿಂಗಳು ಹಿಡೀತು.